ಮನೆಯೊಳಗಿನ ಹಿಂಸೆ ತಡೆಯುವ ಬಗ್ಗೆ ಪಿಎಚ್‌ಡಿ: ಫೆಲೋಶಿಪ್‌ನಿಂದ ಫೀಲ್ಡ್‌ವರೆಗೆ, ಹಾಸನ–ಚಿಕ್ಕಮಗಳೂರಿನವರಿಗೊಂದು ಮಾರ್ಗದರ್ಶಿ

ಸಕಲೇಶಪುರದ ಕಡೆ ಒಂದು ಕಾಫಿ ತೋಟದ ಲೈನ್ ಮನೆ, ಅಂದರೆ ಕೂಲಿಯವರ ಸಾಲುಮನೆ. ಪಿಎಚ್‌ಡಿ ಸಂಶೋಧನೆಗೆಂದು ಹೋಗಿದ್ದ ನಾನು ಜಗಲಿ ಮೇಲೆ ಕೂತು ಕೇಳಿದ ಮೊದಲನೇ ಪ್ರಶ್ನೆಯೇ ತಪ್ಪಿತ್ತು. "ಅಕ್ಕಾ, ಮನೇಲಿ ನಿಮ್ಮ ಮೇಲೆ ಏನಾದ್ರೂ ಹಿಂಸೆ ಆಗುತ್ತಾ?" ಅಂದೆ. ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಆ ಅಕ್ಕ ಕೈ ನಿಲ್ಲಿಸದೆ ಹೇಳಿದರು: "ಹಿಂಸೆಗಿಂಸೆ ಎಲ್ಲಾ ಏನಿಲ್ಲ ಮೇಡಂ. ನಮ್ಮನೆಯವ್ರು ಒಳ್ಳೇವ್ರೇ. ಕುಡ್ಕೊಂಡ್ ಬಂದಾಗ ಒಂದೆರಡು ಏಟು ಬೀಳ್ತವೆ, ಅಷ್ಟೇ." ಪ್ರಶ್ನಾವಳಿಯ 'ಇಲ್ಲ' ಎಂಬ ಚೌಕದ ಮೇಲೆ ನನ್ನ ಪೆನ್ನು ನಿಂತಿತ್ತು.

ಎಂ.ಎ., ಎಂಎಸ್‌ಡಬ್ಲ್ಯು ಮುಗಿಸಿದ ನಮ್ಮ ಜಿಲ್ಲೆಗಳ ಹುಡುಗಿಯರು, ಹುಡುಗರು ನನ್ನನ್ನು ಕೇಳುವುದು ಎರಡೇ ಮಾತು. ಈ ವಿಷಯದಲ್ಲಿ ಪಿಎಚ್‌ಡಿ ಮಾಡಬಹುದಾ? ಮಾಡಿದರೆ ದುಡ್ಡು ಯಾರು ಕೊಡ್ತಾರೆ? ಮಾಡಬಹುದು, ದುಡ್ಡೂ ಇದೆ. ಆದರೆ ಬೇರೆ ವಿಷಯಗಳಲ್ಲಿ ಫೆಲೋಶಿಪ್ (ಸಂಶೋಧಕರಿಗೆ ತಿಂಗಳು ತಿಂಗಳು ಸಿಗುವ ಧನಸಹಾಯ) ಒಂದು ಅನುಕೂಲವಾದರೆ, ಈ ವಿಷಯದಲ್ಲಿ ಅದು ಸುರಕ್ಷತೆಯ ಪ್ರಶ್ನೆ. ಕೆಲಸದ ಮಧ್ಯೆ ಸಿಕ್ಕ ಭಾನುವಾರಗಳಲ್ಲಿ ಓಡಿಹೋಗಿ ಹೆಂಗಸರನ್ನು ಮಾತಾಡಿಸಿ ಬಂದರೆ, ನಾವು ಬಸ್ ಹತ್ತಿದ ಮೇಲೆ ಆ ಮನೆಯಲ್ಲಿ ಏನಾಗುತ್ತದೆ ಎಂದು ನೋಡುವವರಿಲ್ಲ. ನಿಧಾನವಾಗಿ ಮಾಡಬೇಕಾದ ಕೆಲಸ ಇದು, ಆ ನಿಧಾನವನ್ನು ಕೊಂಡುಕೊಳ್ಳುವುದಕ್ಕೆ ಫೆಲೋಶಿಪ್ ಬೇಕು.

ಮೊದಲ ಹೆಜ್ಜೆ: 'ತಡೆ' ಅನ್ನುವ ಮಾತನ್ನು ಹಿಡಿದುಕೊಳ್ಳಿ

ನಮ್ಮಲ್ಲಿ ಬರುವ ಬಹುಪಾಲು ಪ್ರಸ್ತಾವನೆಗಳ ಶೀರ್ಷಿಕೆ ಒಂದೇ ಅಚ್ಚಿನದು: 'ಇಂಥ ತಾಲ್ಲೂಕಿನಲ್ಲಿ ಕೌಟುಂಬಿಕ ದೌರ್ಜನ್ಯ: ಒಂದು ಸಮಾಜಶಾಸ್ತ್ರೀಯ ಅಧ್ಯಯನ'. ಇದರಲ್ಲಿ ಎಷ್ಟು ಜನಕ್ಕೆ ಏಟು ಬಿತ್ತು ಎಂಬ ಎಣಿಕೆ ಸಿಗುತ್ತದೆ, ಏಟು ಬೀಳದ ಹಾಗೆ ಮಾಡುವುದು ಹೇಗೆ ಎಂಬುದು ಸಿಗುವುದಿಲ್ಲ.

ಎಣಿಕೆ ಈಗಾಗಲೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ (2015–16) ಕರ್ನಾಟಕದಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತ ಮಹಿಳೆಯರು ಶೇ. 20.6. ಐದನೇ ಸುತ್ತಿನಲ್ಲಿ (2019–21) ಅದು ಶೇ. 44.4. ದೇಶದ ಸರಾಸರಿ ಶೇ. 29.3, ರಾಜ್ಯಗಳಲ್ಲೆಲ್ಲ ನಮ್ಮದೇ ಅತಿ ಹೆಚ್ಚು. ಲಾಕ್‌ಡೌನ್‌ನಿಂದ ಹೀಗಾಯಿತು ಎಂದು ಬರೆದವರನ್ನು ನೋಡಿದ್ದೇನೆ. ಅದು ತಪ್ಪು. ಕರ್ನಾಟಕದ ಸಮೀಕ್ಷೆ ನಡೆದದ್ದು ಕೋವಿಡ್‌ಗೆ ಮುಂಚಿನ ಮೊದಲ ಹಂತದಲ್ಲಿ. ಹಾಗಾದರೆ ನಾಲ್ಕೇ ವರ್ಷದಲ್ಲಿ ಹಿಂಸೆ ಎರಡು ಪಟ್ಟಾಯಿತೇ, ಅಥವಾ ಹೇಳಿಕೊಳ್ಳುವ ಧೈರ್ಯ ಹೆಚ್ಚಿತೇ, ಅಥವಾ ಕೇಳಿದವರ ತರಬೇತಿ ಬದಲಾಯಿತೇ? ಈ ಪ್ರಶ್ನೆಯೊಂದೇ ಒಂದು ಅಧ್ಯಾಯಕ್ಕೆ ಸಾಲುತ್ತದೆ. ಇನ್ನೊಂದು ವಿಷಯ: ಆ ಸಮೀಕ್ಷೆಯ ಹಿಂಸೆಯ ಭಾಗ ರಾಜ್ಯಮಟ್ಟಕ್ಕೆ ಮಾತ್ರ ಹೊಂದುವಂತೆ ಮಾಡಿದ್ದು. ಹಾಸನಕ್ಕಿಷ್ಟು, ಚಿಕ್ಕಮಗಳೂರಿಗಿಷ್ಟು ಎಂಬ ಲೆಕ್ಕ ಅದರಲ್ಲಿಲ್ಲ. ಯಾರಾದರೂ ಹಾಗೆ ಉಲ್ಲೇಖಿಸಿದ್ದರೆ ನಂಬಬೇಡಿ.

ತಡೆಯಲ್ಲಿ ಮೂರು ಹಂತ. ಏಟು ಬೀಳುವ ಮುಂಚೆಯೇ ಅದಕ್ಕೆ ಎಡೆಯಿಲ್ಲದಂತೆ ಮಾಡುವುದು, ಶುರುವಾದ ಮೇಲೆ ಬೇಗ ಗುರುತಿಸಿ ನಿಲ್ಲಿಸುವುದು, ಆಗಿಹೋದವರಿಗೆ ಮತ್ತೆ ಆಗದಂತೆ ಕಾಯುವುದು. ನಿಮ್ಮ ಸಂಶೋಧನೆ ಯಾವ ಹಂತದ್ದು ಎಂದು ಮೊದಲೇ ತೀರ್ಮಾನಿಸಿ. ಉಗಾಂಡದ ಕಂಪಾಲಾದಲ್ಲಿ ನಡೆದ 'ಸಾಸಾ' ಎಂಬ ಕಾರ್ಯಕ್ರಮ ಮೊದಲನೇ ಹಂತದ್ದು. ಊರಿನವರೇ ಊರಿನವರೊಡನೆ ಅಧಿಕಾರ ಎಂದರೇನು ಎಂದು ವರ್ಷಗಟ್ಟಲೆ ಮಾತಾಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಾರ್ಯಕ್ರಮ ನಡೆದ ಕಡೆ ಸಂಗಾತಿಯಿಂದಾಗುವ ದೈಹಿಕ ಹಿಂಸೆ ನಡೆಯದ ಕಡೆಗಿಂತ ಸುಮಾರು ಅರ್ಧದಷ್ಟಿತ್ತು. ನಮ್ಮದೇ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ 'ಸಂವೇದನಾ ಪ್ಲಸ್' ಪ್ರಯೋಗದಲ್ಲಿ ಅರಿವು ಹೆಚ್ಚಿತು, ಹಿಂಸೆ ಅಷ್ಟಾಗಿ ಇಳಿಯಲಿಲ್ಲ. ಎರಡನ್ನೂ ಓದಿ. ಫಲ ಕೊಡದ ಪ್ರಯೋಗವನ್ನು ಪ್ರಾಮಾಣಿಕವಾಗಿ ಬರೆದವರಿಂದ ಕಲಿಯುವುದು ಹೆಚ್ಚು.

ಎರಡನೇ ಹೆಜ್ಜೆ: ಪ್ರಶ್ನೆ ನಮ್ಮ ನೆಲದಿಂದಲೇ ಏಳಲಿ

ಆ ಲೈನ್ ಮನೆಯ ಅಕ್ಕನ ಹತ್ತಿರ ಮತ್ತೆ ಹೋದಾಗ ಹಿಂಸೆಯ ಮಾತೇ ಎತ್ತಲಿಲ್ಲ. "ವಾರದಲ್ಲಿ ಯಾವ ದಿನ ಮನೇಲಿ ಗಲಾಟೆ ಜಾಸ್ತಿ?" ಅಂದೆ. ಯೋಚನೆ ಮಾಡದೆ ಉತ್ತರ ಬಂತು: "ಬಟವಾಡೆ ದಿನ." ಕೂಲಿ ಕೈಗೆ ಬಂದ ಸಂಜೆ, ಸಂತೆ, ಸಾರಾಯಿ, ಸಂಘದ ಕಂತು, ಆಮೇಲೆ ಜಗಳ. ಹಣ್ಣು ಕೊಯ್ಯುವ ಕಾಲದಲ್ಲಿ ಕೆಜಿ ಲೆಕ್ಕದ ಹೆಚ್ಚುವರಿ ಕೂಲಿ ಹೆಂಗಸರ ಕೈಗೇ ಬಂದಾಗ ಆ ಜಗಳ ಕಡಿಮೆಯಾಗುತ್ತದೋ ಹೆಚ್ಚಾಗುತ್ತದೋ? ಅವರು ಹೇಳಿದ ಒಂದು ಪದದಿಂದ ಪ್ರಶ್ನೆ ಹುಟ್ಟಿತು. ತಡೆಯುವ ಜಾಗ ಯಾವುದು ಅನ್ನುವುದೂ ಅದರಲ್ಲೇ ಇತ್ತು: ಬಟವಾಡೆಯ ದಿನ, ಬಟವಾಡೆಯ ರೀತಿ, ಕೂಲಿ ಯಾರ ಖಾತೆಗೆ ಹೋಗುತ್ತದೆ ಅನ್ನುವುದು.

ನಮ್ಮ ಎರಡು ಜಿಲ್ಲೆಗಳಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಬರುತ್ತಿದೆ. ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ? ಅತ್ತೆ ಯಜಮಾನಿಯಾಗಿರುವ ಮನೆಯಲ್ಲಿ ಸೊಸೆಯ ಪಾಡೇನು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದುಡ್ಡಿಲ್ಲದೆಯೂ ತವರಿಗೆ ಬಸ್ ಹತ್ತಬಹುದು. ಅದು ಜಗಳದ ರಾತ್ರಿಯ ಮರುದಿನ ಏನಾದರೂ ಬದಲಿಸಿದೆಯೇ? ಗಾರ್ಮೆಂಟ್ಸ್‌ಗೆ ಹೋಗುವ ಹಾಸನದ ಹುಡುಗಿಯರು, ಅಸ್ಸಾಂನಿಂದ ತೋಟಕ್ಕೆ ಬಂದು ನಮ್ಮ ಭಾಷೆಯೇ ಬಾರದ ಹೆಂಗಸರು, ಮೊಬೈಲ್ ಫೋಟೋ ಇಟ್ಟುಕೊಂಡು ಹೆದರಿಸುವವರಿಗೆ ಸಿಕ್ಕಿಬಿದ್ದ ಕಾಲೇಜು ಮಕ್ಕಳು, ರಾಜಿ ಪಂಚಾಯ್ತಿ ಮಾಡುವ ಊರ ಯಜಮಾನರು. ಒಂದನ್ನು ಆರಿಸಿ, ಆರಿಸಿದ್ದನ್ನು ಇನ್ನೂ ಚಿಕ್ಕದು ಮಾಡಿ. 'ಕಾಫಿ ತೋಟದ ಮಹಿಳೆಯರು' ಎಂಬುದು ವಿಷಯವಾಗುವುದಿಲ್ಲ. 'ಕೂಲಿ ಪಾವತಿಯ ರೀತಿಗೂ ಕುಡಿತದ ಜಗಳಕ್ಕೂ ಏನು ಸಂಬಂಧ, ಅದನ್ನು ಬದಲಿಸಿದ ತೋಟಗಳಲ್ಲಿ ಏನಾಯಿತು' ಎಂಬುದು ವಿಷಯ.

ಮೂರನೇ ಹೆಜ್ಜೆ: ಎಲ್ಲಿ ಸೇರುವುದು, ಯಾರ ಕೈಕೆಳಗೆ

ಹಾಸನ ವಿಶ್ವವಿದ್ಯಾಲಯ 2023ರಲ್ಲಿ ಹೇಮಗಂಗೋತ್ರಿಯಲ್ಲಿ ಶುರುವಾಯಿತು. ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೋ ಹಳೆಯವಕ್ಕೆ ಸೇರಿಸಬೇಕೋ ಎಂಬ ಚರ್ಚೆ 2025ರಲ್ಲಿ ಸರ್ಕಾರದ ಮಟ್ಟದಲ್ಲೇ ನಡೆದದ್ದರಿಂದ, ಅರ್ಜಿ ಹಾಕುವ ಮುನ್ನ ನಿಮ್ಮ ವಿಭಾಗದಲ್ಲಿ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಗೈಡ್ ಬಳಿ ಜಾಗ ಖಾಲಿ ಇದೆಯೇ, ಪದವಿ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬರುತ್ತದೆ ಎಂದು ಖುದ್ದಾಗಿ ಹೋಗಿ ಕೇಳಿ. ಚಿಕ್ಕಮಗಳೂರಿನವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಕನ್ನಡದಲ್ಲೇ ಮಹಾಪ್ರಬಂಧ ಬರೆಯಬೇಕೆನ್ನುವವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಮಹಿಳಾ ಅಧ್ಯಯನಕ್ಕೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಅಂಕಿಅಂಶದ ಕಡೆ ಒಲವಿದ್ದರೆ ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ), ಮನಸ್ಸಿನ ಆರೋಗ್ಯದ ಕಡೆಯಿಂದ ನೋಡುವುದಾದರೆ ನಿಮ್ಹಾನ್ಸ್. ಸಮಾಜಕಾರ್ಯ, ಸಮಾಜಶಾಸ್ತ್ರ, ಕಾನೂನು, ಮನಶ್ಶಾಸ್ತ್ರ ಯಾವುದರಿಂದಲೂ ಈ ವಿಷಯಕ್ಕೆ ಬರಬಹುದು.

ಗೈಡ್ ಹುಡುಕುವಾಗ ಅವರ ಪ್ರಕಟಣೆಗಳ ಪಟ್ಟಿಗಿಂತ ಒಂದು ಪ್ರಶ್ನೆಗೆ ಅವರ ಉತ್ತರ ನನಗೆ ಮುಖ್ಯ: "ಸಂದರ್ಶನದ ಮಧ್ಯೆ ಆಕೆ, ಇವತ್ತು ರಾತ್ರಿ ಮನೆಗೆ ಹೋಗೋಕೆ ಭಯ ಅಂದ್ರೆ ನಾನೇನು ಮಾಡ್ಲಿ ಸಾರ್?" ಯೋಚಿಸಿ ಉತ್ತರ ಕೊಟ್ಟವರನ್ನು ಹಿಡಿಯಿರಿ. "ಅದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ" ಅಂದವರು ಎಷ್ಟೇ ದೊಡ್ಡವರಿರಲಿ, ಈ ವಿಷಯಕ್ಕೆ ಬೇಡ.

ನಿಯಮಗಳಲ್ಲಿ ಗೊತ್ತಿರಬೇಕಾದದ್ದು ಇಷ್ಟು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮಾವಳಿಯಂತೆ ಸ್ನಾತಕೋತ್ತರದಲ್ಲಿ ಶೇ. 55 ಅಂಕ ಬೇಕು; ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲರು, ಆರ್ಥಿಕವಾಗಿ ಹಿಂದುಳಿದವರಿಗೆ ಶೇ. 5 ರಿಯಾಯಿತಿ. ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೆರಡು. ಹೆಣ್ಣುಮಕ್ಕಳಿಗೆ ಅದರ ಮೇಲೆ ಮತ್ತೆ ಎರಡು ವರ್ಷ ಸಿಗುತ್ತದೆ, ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನಗಳ ತನಕ ರಜೆ ಇದೆ. ಮದುವೆ ಆಗುತ್ತೆ, ಮಗು ಆಗುತ್ತೆ ಎಂದು ಮನೆಯವರು ಬೇಡವೆಂದರೆ ಈ ಎರಡು ಸಾಲು ತೋರಿಸಿ.

ನಾಲ್ಕನೇ ಹೆಜ್ಜೆ: ದುಡ್ಡು

ಮೊದಲ ಗುರಿ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆದು ಪಡೆಯುವ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್ ಆಗಿರಲಿ. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆಗಿ 42,000. ಒಟ್ಟು ಐದು ವರ್ಷ. ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಪರೀಕ್ಷೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸುತ್ತುಗಳಲ್ಲಿ. ಎರಡೂ ಪತ್ರಿಕೆ ಸೇರಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಮಹಿಳೆಯರಿಗೆ 5 ವರ್ಷ ಸಡಿಲಿಕೆ. ಸಮಾಜಕಾರ್ಯ, ಸಮಾಜಶಾಸ್ತ್ರದ ಜೊತೆ ಮಹಿಳಾ ಅಧ್ಯಯನವೂ ಪ್ರತ್ಯೇಕ ವಿಷಯವಾಗಿದೆ ಅನ್ನುವುದು ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದವರು ಪಾರಿಭಾಷಿಕ ಪದಗಳನ್ನು ಮೊದಲೇ ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಳ್ಳಿ. 2024ರಿಂದ ಜೆಆರ್‌ಎಫ್ ಬಾರದಿದ್ದರೂ ನೆಟ್ ಅಂಕದ ಮೇಲೆ ಪಿಎಚ್‌ಡಿ ಪ್ರವೇಶಕ್ಕೆ ಅರ್ಹತೆ ಸಿಗುತ್ತದೆ. ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ.

ಜೆಆರ್‌ಎಫ್ ಕೈತಪ್ಪಿದರೆ ದಾರಿ ಮುಚ್ಚಲಿಲ್ಲ. ಎಸ್‌ಸಿ, ಎಸ್‌ಟಿ, ಒಬಿಸಿ ಸಂಶೋಧಕರಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಒಬ್ಬಳೇ ಮಗಳಾದವರಿಗೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ಈಗಾಗಲೇ ಪಿಎಚ್‌ಡಿಗೆ ನೋಂದಾಯಿಸಿದವರು ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯ (ಐಸಿಎಸ್‌ಎಸ್‌ಆರ್) ಡಾಕ್ಟರಲ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು: ತಿಂಗಳಿಗೆ 20,000 ರೂಪಾಯಿ, ಎರಡು ವರ್ಷದ ತನಕ. ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಪ್ರಕಟಣೆಗಳ ಮೇಲೂ ಕಣ್ಣಿಡಿ. ಒಂದು ಫೆಲೋಶಿಪ್ ಪಡೆಯುತ್ತಾ ಇನ್ನೊಂದು ಪಡೆಯುವಂತಿಲ್ಲ. ಅತಿಥಿ ಉಪನ್ಯಾಸಕರಾಗಿರುವವರು ಪೂರ್ಣಾವಧಿ ಫೆಲೋಶಿಪ್‌ಗೆ ಆ ಕೆಲಸ ಬಿಡಬೇಕಾಗುತ್ತದೆ. ಮನೆಯಲ್ಲಿ ಲೆಕ್ಕ ಹಾಕಿಯೇ ತೀರ್ಮಾನಿಸಿ.

ಹೊರದೇಶದ ಕಡೆ ನೋಡುವವರಿಗೆ ಒಂದೆರಡು ಮಾತು. ಆಸ್ಟ್ರೇಲಿಯದಲ್ಲಿ 2022ರಿಂದ 2032ರವರೆಗೆ ಮಹಿಳೆಯರು ಮತ್ತು ಮಕ್ಕಳ ಮೇಲಿನ ಹಿಂಸೆ ಕೊನೆಗಾಣಿಸುವ ರಾಷ್ಟ್ರೀಯ ಯೋಜನೆಯೇ ಇದೆ, ಮೊನಾಶ್‌ನಂಥ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೇ ಮೀಸಲಾದ ಸಂಶೋಧನಾ ಕೇಂದ್ರಗಳಿವೆ. ಅಲ್ಲಿ ಮೊದಲು ಗೈಡ್‌ಗೆ ಎರಡು ಪುಟದ ಟಿಪ್ಪಣಿ ಕಳಿಸಿ ಒಪ್ಪಿಗೆ ಪಡೆಯುವುದು ಕ್ರಮ. ಆದರೆ ನಮ್ಮ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ನಂಬಿಕೊಳ್ಳುವವರು ಎಚ್ಚರ. 2022–23ರ ಮಾರ್ಗಸೂಚಿಯಲ್ಲಿ ಭಾರತದ ಸಮಾಜದ ಕುರಿತ ಸಂಶೋಧನಾ ವಿಷಯಗಳನ್ನು ಅದರಿಂದ ಕೈಬಿಟ್ಟಿದ್ದರು.

ಖರ್ಚಿನ ಅಂದಾಜು ಬರೆಯುವಾಗ ನಮ್ಮವರು ಪುಸ್ತಕ, ಲ್ಯಾಪ್‌ಟಾಪ್, ಪ್ರಯಾಣ ಬರೆದು ನಿಲ್ಲಿಸುತ್ತಾರೆ. ಈ ವಿಷಯಕ್ಕೆ ಬೇರೆ ಬಾಬತ್ತುಗಳೇ ಮುಖ್ಯ. ಮಾತಾಡಲು ಬಂದ ಅಕ್ಕ ಅರ್ಧ ದಿನದ ಕೂಲಿ ಕಳೆದುಕೊಳ್ಳುತ್ತಾರೆ, ಅದನ್ನು ತುಂಬಿಕೊಡಬೇಕು. ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕು. ಆಕೆಗೆ ಆಸ್ಪತ್ರೆಗೋ ಠಾಣೆಗೋ ಹೋಗಬೇಕಾಗಿ ಬಂದರೆ ಆಟೋ ಖರ್ಚು, ಕೇಳಿ ಕೇಳಿ ಭಾರವಾದ ನಿಮ್ಮ ಮನಸ್ಸಿಗೆ ಆಪ್ತಸಮಾಲೋಚಕರ ಫೀಸು. ಬೇಲೂರು, ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಆನೆಗಳ ಓಡಾಟವಿರುವುದರಿಂದ ಸಂಜೆಯೊಳಗೆ ವಾಪಸ್ ಬರುವ ವಾಹನ ಗೊತ್ತು ಮಾಡಿರಬೇಕು. ಜೆಆರ್‌ಎಫ್‌ನ ಸಾದಿಲ್ವಾರು (ಬಿಡಿ ಖರ್ಚಿನ) ಹಣ ಮಾನವಿಕ ಮತ್ತು ಸಮಾಜವಿಜ್ಞಾನಗಳಿಗೆ ಮೊದಲೆರಡು ವರ್ಷ ವರ್ಷಕ್ಕೆ 10,000 ಮಾತ್ರ. ಇವೆಲ್ಲ ಅದರಲ್ಲಿ ಆಗದು. ಫೆಲೋಶಿಪ್ ಹಣದಲ್ಲೇ ತಿಂಗಳಿಗಿಷ್ಟು ಎಂದು ಎತ್ತಿಡಿ. ಹಾಜರಾತಿಯ ದೃಢೀಕರಣ ವಿಶ್ವವಿದ್ಯಾಲಯದಿಂದ ತಿಂಗಳು ತಿಂಗಳೂ ಹೋಗದಿದ್ದರೆ ಹಣ ನಿಲ್ಲುತ್ತದೆ. ನನಗೂ ಒಮ್ಮೆ ಹಾಗಾಗಿ, ಕೊಯ್ಲಿನ ನಡುವೆಯೇ ಫೀಲ್ಡ್ ಬಿಟ್ಟು ಬರಬೇಕಾಯಿತು.

ಐದನೇ ಹೆಜ್ಜೆ: ಫೀಲ್ಡ್‌ಗೆ ಕಾಲಿಡುವ ಮುನ್ನ

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಮನೆಯೊಳಗಿನ ಹಿಂಸೆಯ ಸಂಶೋಧನೆಗೆ ನೈತಿಕ ಮತ್ತು ಸುರಕ್ಷತಾ ಸೂಚನೆಗಳನ್ನು ಕೊಟ್ಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೂ ಸಾಮಾಜಿಕ ಸಂಶೋಧನೆಗೆ ಭಾಗವಿದೆ. ಅವನ್ನು ಸಂಶೋಧನೆಯ ನೈತಿಕತೆ ನೋಡುವ ಎಥಿಕ್ಸ್ ಕಮಿಟಿಯ ಫಾರ್ಮಿಗೆ ನಕಲು ಮಾಡಿ ಮರೆಯಬೇಡಿ. ನಮ್ಮ ಊರುಗಳಿಗೆ ಅವುಗಳ ಅರ್ಥ ಹೀಗೆ.

ಊರಲ್ಲಿ ಯಾರಾದರೂ ಕೇಳಿದರೆ 'ಹೆಣ್ಣುಮಕ್ಕಳ ಆರೋಗ್ಯ, ಕೆಲಸದ ಬಗ್ಗೆ' ಎನ್ನಿ. ವಿಷಯ ಪೂರ್ತಿ ಹೇಳುವುದು ಆಕೆಗೊಬ್ಬರಿಗೇ, ಒಬ್ಬರೇ ಇದ್ದಾಗ. ಒಂದು ಮನೆಯಲ್ಲಿ ಒಬ್ಬರನ್ನೇ ಮಾತಾಡಿಸಿ. ಗಂಡಸರನ್ನೂ ಅಧ್ಯಯನ ಮಾಡುವುದಾದರೆ ಬೇರೆ ಊರಿನಲ್ಲಿ ಮಾಡಿ. ಮಾತಿನ ಮಧ್ಯೆ ಅತ್ತೆ ಬಂದರೆ ತಕ್ಷಣ ಹೊರಳಲು ಬೇರೊಂದು ಮಾತು ಸಿದ್ಧವಿರಲಿ. ನಾನು ಅಂಗನವಾಡಿ ರೇಷನ್ ಬಗ್ಗೆ ಕೇಳುತ್ತಿದ್ದೆ. ಒಪ್ಪಿಗೆ ಪತ್ರದ ಪ್ರತಿಯನ್ನು ಆಕೆಯ ಮನೆಯಲ್ಲಿ ಬಿಡಬೇಡಿ. ಆ ಹಾಳೆ ಗಂಡನ ಕೈಗೆ ಸಿಕ್ಕರೆ ಅದೇ ಇನ್ನೊಂದು ಏಟಿಗೆ ಕಾರಣ. ಆಕೆಯ ಫೋನಿಗೆ ಮೆಸೇಜ್ ಹಾಕಬೇಡಿ.

ಹಾಸನದಲ್ಲಿ ಇದು ಇನ್ನೂ ಸೂಕ್ಷ್ಮ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮುನ್ನಾ ದಿನಗಳಲ್ಲಿ, ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳು ಪೆನ್‌ಡ್ರೈವ್‌ಗಳಲ್ಲಿ ಜಿಲ್ಲೆಯ ತುಂಬ ಹರಿದಾಡಿದವು. ದೌರ್ಜನ್ಯಕ್ಕೆ ಒಳಗಾದವರ ಮುಖಗಳು ಊರಿಗೆಲ್ಲ ಕಂಡವು. ಅದಾದ ಮೇಲೆ ಇಲ್ಲಿ ಯಾವ ಹೆಣ್ಣುಮಗಳ ಮುಂದೆ ರೆಕಾರ್ಡರ್ ಇಟ್ಟರೂ ಆಕೆಯ ಕಣ್ಣು ಮೊದಲು ಅದರ ಮೇಲೆ ಹೋಗುತ್ತದೆ. ಆಕೆ ಬೇಡ ಎಂದರೆ ಬೇಡ. ಕೈಬರಹದ ಟಿಪ್ಪಣಿ ಸಾಕು. ಹೌದೆಂದರೂ ಹೆಸರಿಲ್ಲದ ಕಡತವಾಗಿ, ಪಾಸ್‌ವರ್ಡ್ ಹಾಕಿ ಇಡಿ, ಅಕ್ಷರಕ್ಕಿಳಿಸಿದ ಮೇಲೆ ಅಳಿಸಿ. ಟೈಪಿಂಗ್ ಸೆಂಟರಿಗೆ ಕೊಡಬೇಡಿ.

ಸಹಾಯದ ದಾರಿಯನ್ನು ಮೊದಲು ನೀವೇ ನಡೆದು ನೋಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ (ಸಿಡಿಪಿಒ) ಸಂರಕ್ಷಣಾಧಿಕಾರಿಗಳು. ಅವರು ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರ, ಸಾಂತ್ವನ ಕೇಂದ್ರ, ಮಹಿಳಾ ಠಾಣೆ ಎಲ್ಲಕ್ಕೂ ಸಂದರ್ಶನ ಶುರುವಾಗುವ ಮೊದಲೇ ಹೋಗಿ ಬನ್ನಿ. ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತೆ, ರಾತ್ರಿ ಯಾರಿರ್ತಾರೆ, ಮಕ್ಕಳನ್ನು ಜೊತೆಗೆ ಇಟ್ಟುಕೊಳ್ತಾರಾ ಎಂದು ಕೇಳಿ ಬರೆದುಕೊಳ್ಳಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098, ಮನಸ್ಸಿನ ಸಂಕಟಕ್ಕೆ ಟೆಲಿಮಾನಸ್ 14416. ಇವನ್ನು ಬೇರೆ ಸಾಮಾನ್ಯ ನಂಬರುಗಳ ಜೊತೆ ಬೆರೆಸಿ ಒಂದು ಚಿಕ್ಕ ಚೀಟಿ ಮಾಡಿ, ಯಾರು ನೋಡಿದರೂ ಅನುಮಾನ ಬಾರದಂತೆ. ಮಲೆನಾಡಿನ ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ; ಅಲ್ಲಿ ಆಶಾ ಕಾರ್ಯಕರ್ತೆಯ ಮನೆ ಎಲ್ಲಿ ಎಂಬುದೇ ಸಹಾಯವಾಣಿ.

ಕಾನೂನಿನ ಒಂದು ಮಾತು ತಪ್ಪದೆ ನೆನಪಿಡಿ. 18 ತುಂಬದ ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. 'ಗುಟ್ಟಾಗಿಡುತ್ತೇನೆ' ಎಂದು ಮಾತು ಕೊಟ್ಟು ಆಮೇಲೆ ಮುರಿಯುವುದು ಮಗುವಿಗೆ ಮಾಡುವ ಇನ್ನೊಂದು ದ್ರೋಹ. ಒಪ್ಪಿಗೆ ಕೇಳುವಾಗಲೇ ಆ ಮಿತಿಯನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಿ.

ಆರನೇ ಹೆಜ್ಜೆ: ಕೇಳುವುದು

'ಹಿಂಸೆ', 'ದೌರ್ಜನ್ಯ' ಕಚೇರಿಯ ಪದಗಳು. ನಡೆದದ್ದನ್ನು ಒಂದೊಂದಾಗಿ ಕೇಳಿ: ಕೆನ್ನೆಗೆ ಹೊಡೆದದ್ದು ಇದೆಯಾ, ಜುಟ್ಟು ಹಿಡಿದು ಎಳೆದದ್ದು, ತಳ್ಳಿದ್ದು, ಕೈ ತಿರುಚಿದ್ದು, ಕತ್ತು ಹಿಚುಕಿದ್ದು. ಕುಟುಂಬ ಆರೋಗ್ಯ ಸಮೀಕ್ಷೆಯೂ ಹೀಗೆ ಕೃತ್ಯಗಳನ್ನೇ ಕೇಳುತ್ತದೆ. ಲೈಂಗಿಕ ಬಲವಂತದ ವಿಷಯಕ್ಕೆ "ನಿಮಗೆ ಮನಸ್ಸಿಲ್ದಿದ್ರೂ ಒತ್ತಾಯ ಮಾಡ್ತಾರಾ" ಎಂಬಷ್ಟು ಸರಳ ಮಾತು ಸಾಕು. ದುಡ್ಡು ಕಿತ್ತುಕೊಳ್ಳುವುದು, ತವರಿಗೆ ಕಳಿಸದಿರುವುದು, ಫೋನ್ ನೋಡುವುದು ಬೇರೆ ಬೇರೆ ಪ್ರಶ್ನೆಗಳಾಗಲಿ. ಕತ್ತು ಹಿಚುಕಿದ್ದಕ್ಕೆ 'ಹೌದು' ಬಂದರೆ ಪ್ರಶ್ನಾವಳಿ ಬದಿಗಿಡಿ. ಅದು ಜೀವಕ್ಕೆ ಅಪಾಯದ ಸೂಚನೆ, ಸಹಾಯದ ಮಾತು ಆಗಲೇ ಆಡಬೇಕು.

ಕೊನೆಯ ಪ್ರಶ್ನೆ ಯಾವಾಗಲೂ ಆಕೆ ಹೇಗೆ ಉಳಿದುಕೊಂಡರು ಎಂಬುದಿರಲಿ. "ಗಲಾಟೆ ಶುರುವಾಗುತ್ತೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಆಗ ಏನ್ ಮಾಡ್ತೀರಿ?" ಆ ಅಕ್ಕ ಹೇಳಿದ್ದು: ಗಾಡಿ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ತಿಳಿಯುತ್ತೆ, ಮಕ್ಕಳನ್ನು ಪಕ್ಕದ ಲೈನಿನ ಅಜ್ಜಿ ಮನೆಗೆ ಕಳಿಸಿ ಒಲೆಯ ಸೌದೆ ಹೊರಗೆ ಹಾಕಿಬಿಡ್ತೀನಿ. ತಡೆಯುವ ಕೆಲಸವನ್ನು ಆಕೆ ದಿನಾ ಮಾಡುತ್ತಲೇ ಇದ್ದರು. ಆ ಅಜ್ಜಿಯ ಮನೆಯಂಥ ಜಾಗಗಳನ್ನು ಗುರುತಿಸಿ ಬಲಪಡಿಸುವುದು ಹೇಗೆ ಎಂಬುದೇ ನನ್ನ ಐದನೇ ಅಧ್ಯಾಯವಾಯಿತು.

ದಿನಕ್ಕೆ ಎರಡಕ್ಕಿಂತ ಹೆಚ್ಚು ಸಂದರ್ಶನ ಬೇಡ. ನಿದ್ದೆ ಕೆಟ್ಟರೆ, ಕೇಳಿದ್ದು ಕನಸಿಗೆ ಬಂದರೆ ಗೈಡ್‌ಗೆ ಹೇಳಿ, ಒಂದು ವಾರ ನಿಲ್ಲಿಸಿ.

ಏಳನೇ ಹೆಜ್ಜೆ: ಬರೆದು ಒಪ್ಪಿಸುವುದು

ಮಹಾಪ್ರಬಂಧ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರಕ್ಕೆ ಏರಿದ ಮೇಲೆ ಯಾರು ಬೇಕಾದರೂ ಓದಬಹುದು, ಆಕೆಯ ಗಂಡನೂ, ಅವನ ತಮ್ಮನೂ. ಹೆಸರು ಬದಲಿಸಿದರೆ ಸಾಲದು. 'ಕಳಸದ ಹತ್ತಿರ, ಮೂರು ಹೆಣ್ಣುಮಕ್ಕಳ ತಾಯಿ, ಸೊಸೈಟಿಯಲ್ಲಿ ಕೆಲಸ' ಎಂದು ಬರೆದರೆ ಅಷ್ಟು ಚಿಕ್ಕ ತಾಲ್ಲೂಕಿನಲ್ಲಿ ಆಕೆ ಯಾರೆಂದು ಸಂಜೆಯೊಳಗೆ ಗೊತ್ತಾಗುತ್ತದೆ. ಊರಿನ ಬದಲು 'ಮಲೆನಾಡಿನ ಒಂದು ತೋಟ' ಎನ್ನಿ, ಮಕ್ಕಳ ಸಂಖ್ಯೆ, ಕೆಲಸ ಬದಲಿಸಿ, ಹಾಗೆ ಬದಲಿಸಿದ್ದೇನೆಂದು ವಿಧಾನದ ಅಧ್ಯಾಯದಲ್ಲಿ ಹೇಳಿ. ಈ ಲೇಖನದ ಅಕ್ಕನ ವಿವರಗಳನ್ನೂ ನಾನು ಹಾಗೇ ಬದಲಿಸಿದ್ದೇನೆ.

ಒಪ್ಪಿಸುವ ಮುನ್ನ, ಆ ಹೋಬಳಿಯನ್ನು ಚೆನ್ನಾಗಿ ಬಲ್ಲ, ಬಾಯಿ ಬಿಗಿಯಿರುವ ಒಬ್ಬರಿಗೆ ಪ್ರತಿಯೊಂದು ಪ್ರಕರಣವನ್ನೂ ಓದಿ ಹೇಳಿ. "ಓ, ಇವರು ಇಂಥೋರಲ್ವಾ" ಎಂದು ಒಮ್ಮೆ ಬಾಯಿಗೆ ಬಂದರೂ ಆ ಪುಟವನ್ನು ಹರಿದು ಮತ್ತೆ ಬರೆಯಿರಿ.